ಕಣ್ಣಿನ ಹರ್ಪಿಸ್‌ಗೆ ಅಸೈಕ್ಲೋವಿರ್: ಕೈಟೋಸಾನ್, ಆಲ್ಜಿನೇಟ್, ಜಿಲೆಟಿನ್, ಯಾವುದರ ನ್ಯಾನೋ ಕಣ ವಾಸಿ?

ಅಸೈಕ್ಲೋವಿರ್ ಒಳ್ಳೆಯ ಔಷಧ. ಹರ್ಪಿಸ್ ವೈರಸ್ ಹೊಕ್ಕ ಜೀವಕೋಶದಲ್ಲೇ ಅದು ಚುರುಕಾಗುತ್ತದೆ, ಉಳಿದವುಗಳ ತಂಟೆಗೆ ಹೆಚ್ಚು ಹೋಗುವುದಿಲ್ಲ. ಕಷ್ಟವಿರುವುದು ಅದನ್ನು ಮುಟ್ಟಿಸುವುದರಲ್ಲಿ. ಕಣ್ಣಿಗೆ ಹರ್ಪಿಸ್ ಬಂದರೆ ಶೇ. 3ರ ಮುಲಾಮನ್ನು ದಿನಕ್ಕೆ ಐದು ಸಲ ಹಚ್ಚಬೇಕು. ಹಚ್ಚಿದಾಗಲೆಲ್ಲ ಕಣ್ಣು ಮಂಜು. ಆಟೋ ಓಡಿಸುವವರು, ಪೀಣ್ಯದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು ಕೆಲಸದ ನಡುವೆ ಇದನ್ನು ಹೇಗೆ ನಿಭಾಯಿಸುತ್ತಾರೆ? ಮಧ್ಯಾಹ್ನದ್ದು ಬಿಟ್ಟುಬಿಡುತ್ತಾರೆ. ಬಿಟ್ಟರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಕಲೆ ಉಳಿದು ದೃಷ್ಟಿಗೇ ಕುತ್ತು ಬರಬಹುದು.

ಹಾಗಾದರೆ ಹನಿಯಾಗಿ ಹಾಕೋಣ ಎಂದರೆ, ಕಣ್ಣಿನಲ್ಲಿ ಒಂದು ಹೊತ್ತಿಗೆ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್, ನಾವು ಹಾಕುವ ಹನಿ 30ರಿಂದ 50. ಹೆಚ್ಚಿನದು ಕೆನ್ನೆಗೆ ಇಳಿಯುತ್ತದೆ, ಇಲ್ಲವೇ ಮೂಗಿನೊಳಕ್ಕೆ ಹರಿದುಹೋಗುತ್ತದೆ. ಕಣ್ಣೊಳಗೆ ಹೋಗುವುದು ಶೇ. 5ಕ್ಕಿಂತ ಕಡಿಮೆ. ಸಾಲದ್ದಕ್ಕೆ ಅಸೈಕ್ಲೋವಿರ್ ಜಿಡ್ಡಿಗೆ ಒಗ್ಗದ ಔಷಧ, ಕಾರ್ನಿಯಾದ ಹೊರಪದರವೋ ಜಿಡ್ಡಿನದು. ಔಷಧವನ್ನು ಸ್ವಲ್ಪ ಹೊತ್ತು ಅಲ್ಲೇ ಹಿಡಿದು ನಿಲ್ಲಿಸುವ ಅತಿ ಸಣ್ಣ ಕಣ, ಅಂದರೆ ನ್ಯಾನೋ ಕಣ ಬೇಕು ಎಂದೇ ಬೆಂಗಳೂರಿನ ನಮ್ಮ ಫಾರ್ಮಸಿ ಲ್ಯಾಬಿನಲ್ಲಿ ಕೈಟೋಸಾನ್, ಆಲ್ಜಿನೇಟ್, ಜಿಲೆಟಿನ್ ಈ ಮೂರರ ಕಣಗಳನ್ನೂ ಪಕ್ಕಪಕ್ಕದಲ್ಲಿ ಮಾಡಿ ನೋಡಿದೆ.

ಬಾಯಿಂದ ಕೊಡುವುದಕ್ಕೆ ಈ ಕಣಗಳನ್ನು ಯಾಕೆ ಮಾಡಲಿಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ಮೈಯೊಳಗೆ ಅಸೈಕ್ಲೋವಿರ್ ಆಗಿ ಬದಲಾಗುವ ವ್ಯಾಲಾಸೈಕ್ಲೋವಿರ್ 1995ರಿಂದಲೇ ಇದೆ. ಅದನ್ನು ನುಂಗಿದರೆ ಅರ್ಧಕ್ಕೂ ಹೆಚ್ಚು ಅಸೈಕ್ಲೋವಿರ್ ರಕ್ತ ಸೇರುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ನನ್ನ ಕಣ್ಣು ತೆರೆಸಿತು. ಆರೋಗ್ಯವಂತರಿಗೆ ಅಸೈಕ್ಲೋವಿರ್ ಜೊತೆ ಕೈಟೋಸಾನ್ ಸೇರಿಸಿ ಕುಡಿಸಿದಾಗ ರಕ್ತಕ್ಕೆ ಸೇರಿದ ಔಷಧ ಹೆಚ್ಚುವ ಬದಲು ಕಡಿಮೆಯಾಗಿತ್ತು. ಅದು ನ್ಯಾನೋ ಕಣವಲ್ಲ, ಬರಿಯ ಕೈಟೋಸಾನ್, ನಿಜ. ಆದರೂ ಬೀಕರಿನಲ್ಲಿ ಗೆದ್ದದ್ದೆಲ್ಲ ಮನುಷ್ಯರಲ್ಲೂ ಗೆಲ್ಲುತ್ತದೆ ಎಂದುಕೊಳ್ಳುವವರು ಅದನ್ನು ಓದಲೇಬೇಕು.

ಮೊದಲು ಜಿಲೆಟಿನ್ ವಿಷಯ ಮುಗಿಸುತ್ತೇನೆ. ಜಿಲೆಟಿನ್ ದ್ರಾವಣಕ್ಕೆ ಅಸಿಟೋನ್ ಸುರಿದರೆ ಕಣಗಳು ಅಂದವಾಗಿಯೇ ಬೀಳುತ್ತವೆ. ಆದರೆ ಮೈಬಿಸಿಗೆ ಕರಗುವ ವಸ್ತು ಅದು. ಗಟ್ಟಿಯಾಗಿ ನಿಲ್ಲಬೇಕಾದರೆ ಗ್ಲುಟರಾಲ್ಡಿಹೈಡ್ ಹಾಕಿ ಬೆಸೆಯಬೇಕು. ಅದರ ಶೇಷ ಕಣ್ಣಿಗೆ ಉರಿ, ಜೀವಕೋಶಗಳಿಗೆ ವಿಷ. ಎಷ್ಟು ತೊಳೆದರೂ ನನಗೆ ಧೈರ್ಯ ಬರಲಿಲ್ಲ. ಗಾರ್ಡೇನಿಯಾ ಕಾಯಿಯಿಂದ ಬರುವ ಜೆನಿಪಿನ್ ಅದಕ್ಕಿಂತ ಸೌಮ್ಯ, ಆದರೆ ದುಬಾರಿ, ಮೇಲಾಗಿ ಕಣಗಳಿಗೆ ನೀಲಿ ಬಣ್ಣ ಕೊಡುತ್ತದೆ. ಕಣ್ಣಿನ ಹನಿಯ ಮಟ್ಟಿಗೆ ಜಿಲೆಟಿನ್ ಅನ್ನು ನಾನು ಕೈಬಿಟ್ಟೆ.

ನಿಜವಾದ ಸ್ಪರ್ಧೆ ಕೈಟೋಸಾನ್‌ಗೂ ಆಲ್ಜಿನೇಟ್‌ಗೂ. ಕೈಟೋಸಾನ್ ಸಿಗಡಿ, ಏಡಿಗಳ ಚಿಪ್ಪಿನದು. ತೆಳು ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಸ್ಟಿರರ್ ಮೇಲೆ ತಿರುಗುತ್ತಿರುವಾಗ ಅದರ ಸರಪಳಿಗಳನ್ನು ಬೆಸೆಯುವ ಸೋಡಿಯಂ ಟ್ರೈಪಾಲಿಫಾಸ್ಫೇಟ್ ಅನ್ನು ಹನಿಹನಿಯಾಗಿ ಬಿಡಬೇಕು. ತಿಳಿಯಾಗಿದ್ದದ್ದು ನೀಲಿ ಛಾಯೆಯ ಹಾಲಿನಂತಾದರೆ ಕಣ ಕೂತಿತು ಎಂದರ್ಥ. ಬಿಸಿ ಬೇಡ, ವಿಷದ ದ್ರಾವಕ ಬೇಡ. ಕಣದ ಮೇಲೆ ಧನ ವಿದ್ಯುದಂಶ, ಕಣ್ಣಿನ ಮೇಲ್ಮೈಯ ಲೋಳೆಯಲ್ಲಿರುವ ಮ್ಯೂಸಿನ್ ಮೇಲೆ ಋಣ; ಎರಡೂ ಅಂಟಿಕೊಳ್ಳುತ್ತವೆ. ಕೊರತೆ ಇರುವುದು ಔಷಧ ತುಂಬುವುದರಲ್ಲಿ. ಕಣ ಕೂರುವ ಪಿಎಚ್‌ನಲ್ಲಿ ಅಸೈಕ್ಲೋವಿರ್‌ಗೆ ವಿದ್ಯುದಂಶವೇ ಇರುವುದಿಲ್ಲ, ಹಾಗಾಗಿ ಕೈಟೋಸಾನ್ ಅದನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ಯುವಿ ಬೆಳಕಿನಿಂದ ಔಷಧದ ಪ್ರಮಾಣ ಅಳೆಯುವ ಯಂತ್ರದಲ್ಲಿ ಓದಿದಾಗಲೆಲ್ಲ ಹೊರಗೇ ಉಳಿದ ಔಷಧ ಬೇಸರವಾಗುವಷ್ಟು ಕಾಣುತ್ತಿತ್ತು.

ಆಲ್ಜಿನೇಟ್ ಕಂದು ಕಡಲಕಳೆಯದು. ಕ್ಯಾಲ್ಸಿಯಂ ಸಿಕ್ಕಿದರೆ ಸಾಕು, ಜೆಲ್ ಆಗುತ್ತದೆ. ಈ ಗುಣ ನಮ್ಮ ಊರಿನಲ್ಲಿ ಒಂದು ತಲೆನೋವು. ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೊಳೆದ ಬೀಕರಿನಲ್ಲಿ ಉಳಿದ ಕ್ಯಾಲ್ಸಿಯಂ ಕೂಡ ಗಂಟು ಕಟ್ಟಿಸಬಲ್ಲದು. ಆಲ್ಜಿನೇಟ್ ಮುಟ್ಟುವ ಗಾಜಿಗೆಲ್ಲ ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು. ಆದರೆ ಕಣ್ಣಿನಲ್ಲಿ ಅದೇ ಗುಣ ವರ: ಕಣ್ಣೀರಿನಲ್ಲಿರುವ ಕ್ಯಾಲ್ಸಿಯಂ ತಾಗಿ ಹನಿ ಅಲ್ಲೇ ತೆಳು ಜೆಲ್ ಆಗುತ್ತದೆ, ಸರಪಳಿಯ ಘಟಕಗಳಲ್ಲೊಂದಾದ ಗುಲುರಾನಿಕ್ ಆಮ್ಲದ ಪಾಲು ಹೆಚ್ಚಿರುವ ಆಲ್ಜಿನೇಟ್ ಆದರೆ ಇನ್ನೂ ಚೆನ್ನಾಗಿ. ಅಂಟುವುದರಲ್ಲಿ ಮಾತ್ರ ಅದು ಕೈಟೋಸಾನ್‌ನ ಸಮಕ್ಕೆ ಬರಲಿಲ್ಲ. ಕಣ್ಣಿನ ಹನಿಗಳಲ್ಲಿ ಸಾಮಾನ್ಯವಾಗಿ ಬಳಸುವ ಸಂರಕ್ಷಕ ಬೆಂಜಲ್ಕೋನಿಯಂ ಕ್ಲೋರೈಡ್ ಧನ ವಿದ್ಯುದಂಶದ್ದು, ಆಲ್ಜಿನೇಟ್‌ಗೆ ಅದು ಒಗ್ಗುವುದೂ ಇಲ್ಲ.

ಕಾರ್ನಿಯಾ ದಾಟುವುದನ್ನು ನೋಡಲು ಮೇಕೆಯ ಕಣ್ಣು ಬಳಸಿದೆ. ಶಿವಾಜಿನಗರದ ಮಾಂಸದಂಗಡಿಯಲ್ಲಿ ಬೆಳಿಗ್ಗೆಯೇ ಹೇಳಿಟ್ಟರೆ, 'ಕಣ್ಣು ಮಾತ್ರ ಸಾಕಾ ಮೇಡಂ?' ಎಂದು ಕೇಳಿ ಎತ್ತಿಡುತ್ತಾರೆ. ತಣ್ಣನೆಯ ಸಲೈನಿನಲ್ಲಿ ಹಾಕಿಕೊಂಡು ಬೇಗ ಬರಬೇಕು, ತಡವಾದರೆ ಕಾರ್ನಿಯಾ ಊದಿಕೊಂಡು ಲೆಕ್ಕ ತಪ್ಪುತ್ತದೆ. ಪೊರೆಯೊಂದನ್ನು ಎಷ್ಟು ಔಷಧ ದಾಟಿತು ಎಂದು ಅಳೆಯುವ ಗಾಜಿನ ಸಾಧನವಾದ ಫ್ರಾಂಜ್ ಸೆಲ್‌ನಲ್ಲಿ ಕೂರಿಸಿದಾಗ ಬರಿಯ ದ್ರಾವಣಕ್ಕಿಂತ ಕೈಟೋಸಾನ್ ಕಣಗಳು ಹೆಚ್ಚು ಔಷಧ ದಾಟಿಸಿದವು. ಆಲ್ಜಿನೇಟ್ ನಿಧಾನ, ಆದರೆ ಹೆಚ್ಚು ಹೊತ್ತು ಬಿಡುತ್ತಲೇ ಇತ್ತು. ಹೀಗೆ ಕಿತ್ತು ತಂದ ಕಣ್ಣು ರೆಪ್ಪೆ ಮಿಟುಕಿಸುವುದಿಲ್ಲ, ನೀರು ಸುರಿಸುವುದಿಲ್ಲ. ಹಾಗಾಗಿ ಈ ಅಂತರ ಜೀವಂತ ಕಣ್ಣಿನಲ್ಲಿ ಇಷ್ಟೇ ಇರುತ್ತದೆ ಎಂದು ನಾನು ಹೇಳಲಾರೆ.

ಎಷ್ಟೋ ಪ್ರಬಂಧಗಳು ಹಾರಿ ಹೋಗುವ ವಿಷಯ ಕ್ರಿಮಿಶುದ್ಧಿ. ಕಣ್ಣಿನ ಹನಿ ಸ್ಟೆರೈಲ್ ಇರಲೇಬೇಕು. 121 ಡಿಗ್ರಿಯ ಆಟೋಕ್ಲೇವಿನಲ್ಲಿ ಕೈಟೋಸಾನ್ ಕಣಗಳು ಮುದ್ದೆಗಟ್ಟುತ್ತವೆ, ಆಲ್ಜಿನೇಟ್‌ನ ಸರಪಳಿ ತುಂಡಾಗಿ ತೆಳುವಾಗುತ್ತದೆ. 0.22 ಮೈಕ್ರಾನ್ ಜರಡಿಯಲ್ಲಿ ಸೋಸೋಣ ಎಂದರೆ ಕಣಗಳ ಗಾತ್ರವೇ ಹೆಚ್ಚುಕಡಿಮೆ ಅಷ್ಟು, ಜರಡಿ ಕಟ್ಟಿಕೊಳ್ಳುತ್ತದೆ. ನನಗೆ ಉಳಿದ ದಾರಿ ಒಂದೇ: ಕಣದ ವಸ್ತುವಿನ ದ್ರಾವಣವನ್ನೂ ಅದನ್ನು ಬೆಸೆಯುವ ದ್ರಾವಣವನ್ನೂ ಬೇರೆಬೇರೆಯಾಗಿ ಸೋಸಿ, ಸೋಸಿದ ಶುದ್ಧ ಗಾಳಿ ಹರಿಯುವ ಲ್ಯಾಮಿನಾರ್ ಹುಡ್‌ನೊಳಗೆ ಬೆರೆಸಿ ಅಲ್ಲೇ ಕಣ ಮಾಡುವುದು. ಕೈಟೋಸಾನ್‌ನಲ್ಲಿ ಇದು ಸಲೀಸು; ಕಡಿಮೆ ಅಣುತೂಕದ್ದನ್ನು ತೆಗೆದುಕೊಂಡರೆ ಸೋಸುವುದೂ ಕಷ್ಟವಲ್ಲ. ಆಲ್ಜಿನೇಟ್ ಅಂಟಂಟಾಗಿ ಸತಾಯಿಸುತ್ತದೆ.

'ಇದನ್ನು ಯಾವುದರಿಂದ ಮಾಡಿದ್ದು?' ಎಂದು ನಮ್ಮ ಜನ ಕೇಳಿಯೇ ಕೇಳುತ್ತಾರೆ, ಕೇಳುವ ಹಕ್ಕು ಅವರಿಗಿದೆ. ಜಿಲೆಟಿನ್ ಸಾಮಾನ್ಯವಾಗಿ ದನ ಅಥವಾ ಹಂದಿಯದು. ಸಸ್ಯಾಹಾರಿಗಳಿಗೂ ಸಿಗಡಿ ಅಲರ್ಜಿ ಇರುವವರಿಗೂ ಶಿಲೀಂಧ್ರದಿಂದ ತೆಗೆದ ಕೈಟೋಸಾನ್ ಇದೆ. ಆಲ್ಜಿನೇಟ್‌ಗೆ ಈ ಪ್ರಶ್ನೆಯೇ ಇಲ್ಲ.

ಎಂ.ಫಾರ್ಮ್ ವಿದ್ಯಾರ್ಥಿ ಯಾರಾದರೂ ಕೇಳಿದರೆ ಹಗಲಿನ ಹನಿಗೆ ಕೈಟೋಸಾನ್ ಎನ್ನುತ್ತೇನೆ. ಪಿಎಚ್ 6ರ ಆಸುಪಾಸಿನಲ್ಲಿ ಇಡಬೇಕು, ಕಣ್ಣೀರಿನ 7.4ಕ್ಕೆ ಏರಿಸಿದರೆ ವಿದ್ಯುದಂಶ ಇಳಿದು ಕಣಗಳು ಬಾಟಲಿಯಲ್ಲೇ ಒಟ್ಟುಗೂಡುತ್ತವೆ. ರಾತ್ರಿ ಮಲಗುವ ಮುಂಚಿನ ಒಂದು ಹನಿಗೆ ಆಲ್ಜಿನೇಟ್ ಜೆಲ್, ಸಂರಕ್ಷಕವಿಲ್ಲದ ಒಂದೇ ಬಳಕೆಯ ಪುಟ್ಟ ಟ್ಯೂಬಿನಲ್ಲಿ. ಆಲ್ಜಿನೇಟ್ ತಿರುಳಿಗೆ ಕೈಟೋಸಾನ್ ಹೊದಿಕೆ ಹಾಕಿದ ಕಣಗಳನ್ನು ಈಗ ಮಾಡುತ್ತಿದ್ದೇನೆ. ಔಷಧ ಹೆಚ್ಚು ನಿಲ್ಲುತ್ತಿದೆ, ಗಾತ್ರವೂ ಹೆಚ್ಚುತ್ತಿದೆ. ಅದನ್ನು ಇಳಿಸುವವರೆಗೆ ಇವೆರಡಕ್ಕಿಂತ ಅದೇ ವಾಸಿ ಎಂದು ಹೇಳುವುದಿಲ್ಲ.