ಎಡಿಎಸ್1115 ಮಾಡ್ಯೂಲ್: ಹದಿನಾರು ಬಿಟ್‌ಗಳಲ್ಲಿ ನಂಬಬಹುದಾದದ್ದು ಎಷ್ಟು?

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್1115 ಚಿಪ್ (ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಎಡಿಸಿ) ಕೂರಿಸಿದ ಹತ್ತು ಪಿನ್ನಿನ ಪುಟ್ಟ ಮಾಡ್ಯೂಲ್ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸುಲಭವಾಗಿ ಸಿಗುತ್ತದೆ. ಆರ್ಡುಯಿನೊ ಬೋರ್ಡಿನ ಒಳಗಿನ ಎಡಿಸಿಯ ಹತ್ತು ಬಿಟ್ ಸಾಲದಾದಾಗ ಜನ ಇದನ್ನು ಕೊಳ್ಳುತ್ತಾರೆ. ಇಲ್ಲಿ ನೋಡಿರುವುದು ಇನ್ನೊಂದು ಉಪಯೋಗವನ್ನು: ಎಡಿಸಿಯಿಂದ ಅಳೆಯುವುದನ್ನಲ್ಲ, ಎಡಿಸಿಯನ್ನೇ ಅಳೆಯುವುದನ್ನು ಡಿಪ್ಲೊಮಾ, ಎಂಜಿನಿಯರಿಂಗ್ ಲ್ಯಾಬುಗಳಲ್ಲಿ ಕಲಿಸಲು ಇದು ಒಗ್ಗುತ್ತದೆಯೇ? ಡಿ.ಸಿ. ಅಳತೆಯ ಮಟ್ಟಿಗೆ, ಈ ಬೆಲೆಯಲ್ಲಿ ಇದಕ್ಕಿಂತ ಒಳ್ಳೆಯ ಪಾಠದ ಸಾಮಗ್ರಿ ಸಿಗುವುದು ಕಷ್ಟ. ಎ.ಸಿ. ಸಿಗ್ನಲ್‌ಗೆ ಬಂದರೆ ಮಾತು ಬೇರೆ. ಅದನ್ನು ಕೊನೆಯ ಕಡೆ ನೋಡೋಣ.

ಒಂದು ಬೆಂಚಿಗೆ ಬೇಕಾದದ್ದು ಇಷ್ಟು: ಒಂದು ಮಾಡ್ಯೂಲ್, ಒಂದು ಆರ್ಡುಯಿನೊ ಊನೊ, 2.5 ವೋಲ್ಟಿನ ಎಲ್ಎಂ4040 ರೆಫರೆನ್ಸ್ (ಸ್ಥಿರ ವೋಲ್ಟೇಜ್ ಕೊಡುವ ಚಿಪ್, ಶೇ 0.1ರ ಎ ಗ್ರೇಡ್), ಒಂದು 680 ಓಮ್ ರೆಸಿಸ್ಟರ್, 1 ಕಿಲೋಓಮ್‌ನವು ನಾಲ್ಕು, 100 ಕಿಲೋಓಮ್‌ನವು ಎರಡು, ಬ್ರೆಡ್‌ಬೋರ್ಡ್, ವೈರು. ಮಾಡ್ಯೂಲಿನ ಹೆಡರ್ ಪಿನ್ನುಗಳು ಸಾಮಾನ್ಯವಾಗಿ ಬಿಡಿಯಾಗಿ ಬರುತ್ತವೆ, ಬೆಸುಗೆ ನಾವೇ ಹಾಕಿಕೊಳ್ಳಬೇಕು. ಬೆಸುಗೆ ಹಾಕದೆ ಪಿನ್ನನ್ನು ತೂತಿಗೆ ಸುಮ್ಮನೆ ಸಿಕ್ಕಿಸಿ ಓದಲು ಹೋದರೆ ರೀಡಿಂಗ್ ಕುಣಿಯುತ್ತದೆ, ತಪ್ಪು ಚಿಪ್ಪಿನ ತಲೆಗೆ ಬರುತ್ತದೆ.

ಸಪ್ಲೈ 2ರಿಂದ 5.5 ವೋಲ್ಟ್. ಬೋರ್ಡಿನ ಮೇಲಿನ ಪುಲ್-ಅಪ್ ರೆಸಿಸ್ಟರ್‌ಗಳು ಐ2ಸಿ ಗೆರೆಗಳನ್ನು (ಚಿಪ್ಪೂ ಆರ್ಡುಯಿನೊವೂ ಮಾತಾಡುವ ಎರಡು ತಂತಿ) ಇದೇ ಸಪ್ಲೈಗೆ ಎಳೆಯುತ್ತವೆ. ಹಾಗಾಗಿ ಇಎಸ್‌ಪಿ32 ಅಥವಾ ಪಿಕೊದಂಥ 3.3 ವೋಲ್ಟಿನ ಬೋರ್ಡಿನ ಜೊತೆ ಬಳಸುವಾಗ ಮಾಡ್ಯೂಲಿಗೆ 5 ವೋಲ್ಟ್ ಕೊಡಬೇಡಿ, 3.3 ಕೊಡಿ. ಇನ್ನೊಂದು ಗೊಂದಲ ಎಲ್ಲ ಕಡೆ ಕಾಣುತ್ತದೆ. ±6.144 ವೋಲ್ಟ್ ರೇಂಜ್ ಇದೆ ಎಂದ ಮಾತ್ರಕ್ಕೆ 6 ವೋಲ್ಟ್ ಕೊಡಬಹುದು ಎಂದಲ್ಲ. ರೇಂಜ್ ಎನ್ನುವುದು ಅಳತೆಪಟ್ಟಿಯ ಉದ್ದ ಮಾತ್ರ; ಇನ್‌ಪುಟ್ ಪಿನ್ ಸಪ್ಲೈಗಿಂತ 0.3 ವೋಲ್ಟಿಗೂ ಹೆಚ್ಚು ಮೇಲೆ ಹೋಗಕೂಡದು, ಗ್ರೌಂಡಿಗಿಂತ 0.3 ವೋಲ್ಟಿಗೂ ಹೆಚ್ಚು ಕೆಳಗೆ ಇಳಿಯಕೂಡದು. ಹುಡುಗರ ಕೈಯಲ್ಲಿ 12 ವೋಲ್ಟ್ ಪಿನ್ನಿಗೆ ತಾಗದೆ ಇರುವುದಿಲ್ಲ. ಪ್ರತಿ ಇನ್‌ಪುಟ್ಟಿಗೆ ಸರಣಿಯಲ್ಲಿ 1 ಕಿಲೋಓಮ್ ಹಾಕಿದರೆ ಆಗ ಹರಿಯುವ ಕರೆಂಟ್ ಸುಮಾರು 6.7 ಮಿಲಿಆಂಪ್, ಚಿಪ್ಪಿನ 10 ಮಿಲಿಆಂಪ್ ಮಿತಿಯೊಳಗೇ ಉಳಿಯುತ್ತದೆ. ಆದರೆ ±0.256 ರೇಂಜಿನಲ್ಲಿ ಚಿಪ್ಪಿನ ಡಿಫರೆನ್ಷಿಯಲ್ (ಎರಡು ಪಿನ್ನುಗಳ ನಡುವಿನ) ಇನ್‌ಪುಟ್ ರೆಸಿಸ್ಟೆನ್ಸ್ ಸುಮಾರು 710 ಕಿಲೋಓಮ್ ಮಾತ್ರ. ಎರಡೂ ಕಡೆಯ 1 ಕಿಲೋಓಮ್ ಸೇರಿ ಅಲ್ಲಿ ಶೇ 0.28ರಷ್ಟು ತಪ್ಪು ತರುತ್ತವೆ. ಆ ರೇಂಜಿಗೆ ಹೋಗುವಾಗ ತೆಗೆಯಿರಿ, ಇಲ್ಲವೇ ಲೆಕ್ಕದಲ್ಲಿ ಸರಿಮಾಡಿ.

ಮೊದಲ ಪರೀಕ್ಷೆ ಗೇನ್‌ನದು, ಅಂದರೆ ಚಿಪ್ಪಿನ ಅಳತೆಪಟ್ಟಿ ಎಷ್ಟು ಹಿಗ್ಗಿದೆ ಅಥವಾ ಕುಗ್ಗಿದೆ ಎಂಬುದರದು. 5 ವೋಲ್ಟಿನಿಂದ 680 ಓಮ್ ಮೂಲಕ ಎಲ್ಎಂ4040ಗೆ ಸುಮಾರು 3.7 ಮಿಲಿಆಂಪ್ ಕೊಡಿ. ಅದರ ಮೇಲ್ತುದಿ ಮಾಡ್ಯೂಲಿನ ಎ0 ಇನ್‌ಪುಟ್ಟಿಗೆ, ಕೆಳತುದಿ ಎ3ಗೆ. ಎ3 ವೈರನ್ನು ರೆಫರೆನ್ಸಿನ ಕಾಲಿನ ಬುಡದಲ್ಲೇ ಹಿಡಿಯಬೇಕು, ಬ್ರೆಡ್‌ಬೋರ್ಡಿನ ಗ್ರೌಂಡ್ ಪಟ್ಟಿಯ ಆ ತುದಿಯಲ್ಲಲ್ಲ. ಪಟ್ಟಿಯ ಸಂಪರ್ಕದಲ್ಲಿ 50 ಮಿಲಿಓಮ್ ಇದ್ದು ಅದರೊಳಗೆ ಒಂದು ಎಲ್ಇಡಿಯ 20 ಮಿಲಿಆಂಪ್ ಹರಿದರೆ 1 ಮಿಲಿವೋಲ್ಟ್ ಆಯಿತು, ಅಂದರೆ ±4.096 ರೇಂಜಿನಲ್ಲಿ 8 ಕೌಂಟ್ (ಎಡಿಸಿ ಕೊಡುವ ಸಂಖ್ಯೆಯ ಒಂದು ಹೆಜ್ಜೆಯೇ ಕೌಂಟ್). ಎಲ್ಇಡಿ ಮಿನುಗಿದಂತೆಲ್ಲ ರೀಡಿಂಗೂ ಮೇಲೆ ಕೆಳಗೆ ಆಡುವುದನ್ನು ಬೇಕೆಂದೇ ಒಮ್ಮೆ ಮಾಡಿ ತೋರಿಸಿ. ಗ್ರೌಂಡ್ ಎಂದರೆ ಎಲ್ಲ ಕಡೆ ಸೊನ್ನೆ ಅಲ್ಲ ಎಂಬುದು ಬಾಯಲ್ಲಿ ಹೇಳಿದ್ದಕ್ಕಿಂತ ಬೇಗ ಮನಸ್ಸಿಗೆ ನಾಟುತ್ತದೆ.

±4.096 ರೇಂಜಿನಲ್ಲಿ ಒಂದು ಕೌಂಟ್ ಅಂದರೆ 125 ಮೈಕ್ರೋವೋಲ್ಟ್. 2.5 ವೋಲ್ಟಿಗೆ ಬರಬೇಕಾದದ್ದು ಸರಿಯಾಗಿ 20000. ಹಲಗೆಯ ಮೇಲೆ ಲೆಕ್ಕ ಮಾಡಲು ಇದಕ್ಕಿಂತ ಅನುಕೂಲದ ಸಂಖ್ಯೆ ಬೇಡ. ಬಂದದ್ದು 20031 ಎಂದಿಟ್ಟುಕೊಳ್ಳಿ. ಚಿಪ್ ಕೆಟ್ಟಿದೆಯೇ? ರೆಫರೆನ್ಸಿನ ಶೇ 0.1 ಅಂದರೆ 20 ಕೌಂಟ್. ಚಿಪ್ಪಿನ ಗೇನ್ ತಪ್ಪಿನ ಗರಿಷ್ಠ ಮಿತಿ ±2.048 ರೇಂಜಿನಲ್ಲಿ ಶೇ 0.15, ಅಂದರೆ 30 ಕೌಂಟ್. ಒಂದು ರೇಂಜಿನಿಂದ ಇನ್ನೊಂದಕ್ಕೆ ಹೋದಾಗಿನ ವ್ಯತ್ಯಾಸ ಗರಿಷ್ಠ ಶೇ 0.1, ಇನ್ನೊಂದು 20. ಒಟ್ಟು 19930ರಿಂದ 20070ರವರೆಗೆ ಏನು ಬಂದರೂ ದೂರುವಂತಿಲ್ಲ. ಒಂದೊಂದು ಕೌಂಟನ್ನೂ ಬಿಡಿಸಿ ತೋರಿಸುವ ಚಿಪ್, ಆದರೆ ಎಪ್ಪತ್ತು ಕೌಂಟಿನೊಳಗೆ ಸತ್ಯ ಎಲ್ಲಿದೆ ಎಂದು ಹೇಳಲಾರದು. ರೆಸಲ್ಯೂಷನ್ ಬೇರೆ, ನಿಖರತೆ ಬೇರೆ ಎನ್ನುವುದನ್ನು ಈ ಒಂದು ರೀಡಿಂಗಿನ ಸುತ್ತಲೇ ಅರ್ಧ ಗಂಟೆ ಕಲಿಸಬಹುದು.

ಈ ಹಂತದಲ್ಲಿ ಯಾರಾದರೂ ಮಲ್ಟಿಮೀಟರ್ ತಂದು ಚೆಕ್ ಮಾಡೋಣ ಎನ್ನುತ್ತಾರೆ. ಮಾಡಲಿ. ಶೇ 0.5 ಮತ್ತು 2 ಡಿಜಿಟ್ ಎಂದು ಬರೆದಿರುವ ಮೂರೂವರೆ ಅಂಕಿಯ ಮೀಟರ್ 20 ವೋಲ್ಟ್ ರೇಂಜಿನಲ್ಲಿ 2.5 ವೋಲ್ಟನ್ನು ಅಳೆದರೆ 12.5 ಮಿಲಿವೋಲ್ಟ್ ಒಂದು ಕಡೆ, 20 ಮಿಲಿವೋಲ್ಟ್ ಇನ್ನೊಂದು ಕಡೆ. ಸೇರಿ 260 ಕೌಂಟ್. ಇಲ್ಲಿ ಪರೀಕ್ಷೆ ಬರೆಯಬೇಕಾದದ್ದು ಮೀಟರೇ. ಊನೊದ ಒಳಗಿನ ಎಡಿಸಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಅದಕ್ಕೆ ಯುಎಸ್‌ಬಿ ಸಪ್ಲೈಯೇ ರೆಫರೆನ್ಸ್. ಸಪ್ಲೈ 5ರಿಂದ 4.8ಕ್ಕೆ ಇಳಿದರೆ ಅದೇ 2.5 ವೋಲ್ಟ್ 512ರ ಬದಲು 533 ಆಗುತ್ತದೆ. ಎಡಿಎಸ್1115ಕ್ಕೆ ಒಳಗೇ ರೆಫರೆನ್ಸ್ ಇರುವುದರಿಂದ ಅದು ಕದಲುವುದಿಲ್ಲ.

ಈ ಮಾಡ್ಯೂಲಿನಲ್ಲಿ ಮನಸ್ಸಿಗೆ ತುಂಬಾ ಹಿಡಿಸುವುದು ಲೀನಿಯಾರಿಟಿ (ಅಳತೆಪಟ್ಟಿಯ ಎಲ್ಲ ಕಡೆ ಹೆಜ್ಜೆ ಒಂದೇ ಸಮ ಇದೆಯೇ ಎಂಬ) ಪರೀಕ್ಷೆ, ಏಕೆಂದರೆ ಅದಕ್ಕೆ ದುಬಾರಿ ಸಲಕರಣೆ ಏನೂ ಬೇಡ. ಚಿಪ್ಪಿನ ಒಳಗಿನ ಮಕ್ಸ್ (ಇನ್‌ಪುಟ್ ಆರಿಸುವ ಸ್ವಿಚ್) ಎ0-ಎ1, ಎ1-ಎ3, ಎ0-ಎ3 ಜೋಡಿಗಳನ್ನು ಡಿಫರೆನ್ಷಿಯಲ್ ಆಗಿ ಓದಬಲ್ಲದು. ರೆಫರೆನ್ಸಿನ ಎರಡು ತುದಿಗಳ ನಡುವೆ 1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಹಾಕಿ, ನಡುವಿನ ಬಿಂದುವನ್ನು ಎ1ಗೆ ಕೊಡಿ. ಮೂರನ್ನೂ ±4.096 ರೇಂಜಿನಲ್ಲೇ ಓದಿ. ಮೇಲಿನ ತುಂಡು, ಕೆಳಗಿನ ತುಂಡು ಕೂಡಿದರೆ ಇಡಿಯದು ಬರಬೇಕು. ರೆಸಿಸ್ಟರ್‌ಗಳು ಸಮ ಇರಬೇಕೆಂದಿಲ್ಲ, ರೆಫರೆನ್ಸ್ ನಿಖರವಾಗಿರಬೇಕೆಂದೂ ಇಲ್ಲ, ಓದು ಮುಗಿಯುವವರೆಗೆ ಅಲುಗಾಡದೆ ನಿಂತರೆ ಸಾಕು. ಗೇನ್ ತಪ್ಪು ಮೂರಕ್ಕೂ ಒಂದೇ ಪ್ರಮಾಣದಲ್ಲಿ ಇರುವುದರಿಂದ ಲೆಕ್ಕದಿಂದ ಹೊರಟುಹೋಗುತ್ತದೆ. ಆಫ್‌ಸೆಟ್ (ಇನ್‌ಪುಟ್ ಸೊನ್ನೆ ಇದ್ದಾಗಲೂ ಬರುವ ರೀಡಿಂಗ್) ಮಾತ್ರ ಎರಡು ಸಲ ಕೂಡಿ ಒಂದು ಸಲ ಕಳೆಯುವುದರಿಂದ ಒಂದು ಉಳಿಯುತ್ತದೆ. ಎ0, ಎ1 ಎರಡನ್ನೂ ಒಂದೇ ಬಿಂದುವಿಗೆ ಕಟ್ಟಿ ಆಫ್‌ಸೆಟ್ಟನ್ನು ಮೊದಲೇ ಬರೆದಿಟ್ಟುಕೊಂಡರೆ ಅದನ್ನೂ ತೆಗೆಯಬಹುದು. ಆಮೇಲೆ ಉಳಿಯುವ ಒಂದೆರಡು ಕೌಂಟಿನಲ್ಲಿ ಲೀನಿಯಾರಿಟಿಯ ತಪ್ಪು ಮತ್ತು ದುಂಡಾಗಿಸಿದ ತಪ್ಪು ಸೇರಿರುತ್ತವೆ. ಉಳಿದೆರಡು 1 ಕಿಲೋಓಮ್‌ಗಳನ್ನು ಒಂದು ತುಂಡಿಗೆ ಸಮಾಂತರವಾಗಿ ಅಥವಾ ಸರಣಿಯಲ್ಲಿ ಸೇರಿಸಿ ನಡುವಿನ ಬಿಂದುವನ್ನು ಸರಿಸುತ್ತಾ ಹೋದರೆ ಅಳತೆಪಟ್ಟಿಯ ಬೇರೆ ಬೇರೆ ಜಾಗಗಳೂ ಪರೀಕ್ಷೆಗೆ ಬರುತ್ತವೆ.

ಈಗ 1 ಕಿಲೋಓಮ್ ತೆಗೆದು 100 ಕಿಲೋಓಮ್ ಹಾಕಿ. ಮೊತ್ತ ಇಡಿಯದಕ್ಕಿಂತ 65 ಕೌಂಟಿನ ಆಸುಪಾಸು ಕಡಿಮೆ ಬೀಳುತ್ತದೆ. ಲೀನಿಯಾರಿಟಿ ಹಾಳಾಗಿಲ್ಲ. ಈ ರೇಂಜಿನಲ್ಲಿ ಚಿಪ್ಪಿನ ಡಿಫರೆನ್ಷಿಯಲ್ ಇನ್‌ಪುಟ್ ರೆಸಿಸ್ಟೆನ್ಸ್ ಸುಮಾರು 15 ಮೆಗಾಓಮ್. ಓದುವಾಗ ಅದು ಆ 100 ಕಿಲೋಓಮ್‌ಗೆ ಸಮಾಂತರವಾಗಿ ಕೂರುತ್ತದೆ, ತುಂಡಿನ ವೋಲ್ಟೇಜ್ 4 ಮಿಲಿವೋಲ್ಟಿನಷ್ಟು ಕುಸಿಯುತ್ತದೆ. ಎರಡು ತುಂಡಿಗೂ ಹೀಗೆಯೇ. ಲೋಡಿಂಗ್ ಎಫೆಕ್ಟ್ ಎಂದು ನೋಟ್ಸಿನಲ್ಲಿ ಬರೆದುಕೊಂಡದ್ದು ಕೈಗೆ ಸಿಗುವ ಜಾಗ ಇದು. ಕೊರತೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಆ 15 ಮೆಗಾಓಮನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಲಿ.

ನಾಯ್ಸ್ ಪರೀಕ್ಷೆಯಲ್ಲಿ ಒಂದು ಎಚ್ಚರ. ±4.096 ರೇಂಜಿನಲ್ಲಿ ಇನ್‌ಪುಟ್ ಶಾರ್ಟ್ ಮಾಡಿ ಸಾವಿರ ರೀಡಿಂಗ್ ತೆಗೆದರೆ ಬಹುಪಾಲು ಒಂದೇ ಕೋಡ್ ಬರುತ್ತದೆ. ಚಿಪ್ಪಿನ ನಾಯ್ಸ್ ಅಲ್ಲಿ ಒಂದು ಕೌಂಟಿಗಿಂತ ಚಿಕ್ಕದು. ಇಂಥ ಕಡೆ ಸರಾಸರಿ ತೆಗೆದು ಹೆಚ್ಚು ಬಿಟ್ ಗಳಿಸುತ್ತೇವೆ ಎನ್ನುವುದು ಸುಳ್ಳು. ಒಂದೇ ಸಂಖ್ಯೆಯನ್ನು ಸಾವಿರ ಸಲ ಕೂಡಿ ಭಾಗಿಸಿದರೆ ಅದೇ ಸಂಖ್ಯೆ. ±0.256 ರೇಂಜಿಗೆ, ಸೆಕೆಂಡಿಗೆ 860 ಸ್ಯಾಂಪಲ್ಲಿಗೆ ಹೋಗಿ. ಕೌಂಟ್ 7.8 ಮೈಕ್ರೋವೋಲ್ಟಿಗೆ ಇಳಿದು ಹಿಸ್ಟೋಗ್ರಾಮ್ ಕೆಲವು ಕೋಡ್‌ಗಳಿಗೆ ಹರಡಿಕೊಳ್ಳುತ್ತದೆ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ ಕಲಿಸಬೇಕಾದದ್ದು ಇಲ್ಲಿ.

ಕರೆಂಟಿನ 50 ಹರ್ಟ್ಸ್ ಹಮ್ ತೆಗೆಯಲು ಅತಿ ನಿಧಾನದ 8 ಸ್ಯಾಂಪಲ್ ದರವೇ ಒಳ್ಳೆಯದು ಎಂದು ಅನೇಕರು ಅದನ್ನೇ ಇಟ್ಟುಬಿಡುತ್ತಾರೆ. ಆ ದರದಲ್ಲಿ ಒಂದು ರೀಡಿಂಗ್ 125 ಮಿಲಿಸೆಕೆಂಡ್. ಅದರಲ್ಲಿ 20 ಮಿಲಿಸೆಕೆಂಡಿನ ಆವರ್ತಗಳು ಆರೂಕಾಲು. ಆ ಕಾಲು ಆವರ್ತದ ಹಮ್ ಉಳಿದುಬಿಡುತ್ತದೆ. 250ರ ದರದಲ್ಲಿ ಕಂಟಿನ್ಯುಯಸ್ ಮೋಡ್ ಇಟ್ಟು ಬೆನ್ನುಬೆನ್ನಿಗೆ ಐದು ರೀಡಿಂಗ್‌ಗಳ ಸರಾಸರಿ ತೆಗೆದರೆ ಸರಿಯಾಗಿ 20 ಮಿಲಿಸೆಕೆಂಡ್. ಚಿಪ್ಪಿನ ಒಳಗಿನ ಕ್ಲಾಕ್ ಶೇ 10ರಷ್ಟು ಆಚೀಚೆ ಇರಬಹುದು, ಹಾಗಾಗಿ ಅಲರ್ಟ್ ಪಿನ್ನನ್ನು ಕನ್ವರ್ಷನ್-ರೆಡಿಗೆ (ಪ್ರತಿ ರೀಡಿಂಗ್ ಮುಗಿದಾಗ ಒಂದು ಪಲ್ಸ್) ಹೊಂದಿಸಿ ಹತ್ತು ಸೆಕೆಂಡಿನ ಪಲ್ಸ್ ಎಣಿಸಿ ನಿಜವಾದ ದರ ತಿಳಿದುಕೊಳ್ಳಿ. ಕಂಟಿನ್ಯುಯಸ್ ಮೋಡಿನಲ್ಲಿ ಚಾನೆಲ್ ಬದಲಿಸಿದ ಮೇಲಿನ ಮೊದಲ ರೀಡಿಂಗ್ ಹಳೆಯ ಚಾನೆಲ್ಲಿನದೇ ಆಗಿರಬಹುದು, ಬಿಸಾಡಿ.

ಎಡವುವುದು ಎ.ಸಿ. ಪಾಠದಲ್ಲಿ. ಏಲಿಯಾಸಿಂಗ್ (ಸ್ಯಾಂಪಲ್ ದರ ಸಾಲದೆ ವೇಗದ ಅಲೆ ನಿಧಾನದ ಅಲೆಯಂತೆ ಕಾಣುವುದು) ತೋರಿಸಲೆಂದು 860ರ ದರ ಇಟ್ಟು, ನಡುಮಟ್ಟ 1.25 ವೋಲ್ಟಿನ ಮೇಲೆ 1 ವೋಲ್ಟ್ ಎತ್ತರದ 870 ಹರ್ಟ್ಸ್ ಸೈನ್ ಕೊಟ್ಟರೆ 10 ಹರ್ಟ್ಸಿನ ಅಲೆ ಎದ್ದು ಕಾಣಬೇಕಲ್ಲವೇ? ಕಾಣುವುದು ಮೂಲದ ಶೇ 1ರಷ್ಟು ಸಣ್ಣ ಅಲೆ. ಇದು ಡೆಲ್ಟಾ-ಸಿಗ್ಮಾ ಎಡಿಸಿ. ಒಂದು ಕ್ಷಣದ ವೋಲ್ಟೇಜನ್ನು ಹಿಡಿಯುವುದಿಲ್ಲ, ಇಡೀ ಅವಧಿಯ ಸರಾಸರಿ ಕೊಡುತ್ತದೆ. ಸ್ಯಾಂಪಲ್ ದರದ ಹತ್ತಿರದ ಆವರ್ತನ ಆ ಸರಾಸರಿಯಲ್ಲೇ ಅಳಿಸಿಹೋಗುತ್ತದೆ. ಅದೇ ಸಿಗ್ನಲ್ಲನ್ನು ಊನೊದ ಒಳಗಿನ ಎಡಿಸಿಯಿಂದ, ಟೈಮರ್ ಇಟ್ಟು ಸೆಕೆಂಡಿಗೆ 860 ಸಲ ಓದಿದರೆ 10 ಹರ್ಟ್ಸ್ ಪೂರ್ತಿ ಎತ್ತರಕ್ಕೆ ನಿಲ್ಲುತ್ತದೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ತೋರಿಸಿದರೆ ಈ ಕೊರತೆಯೂ ಪಾಠವಾಗುತ್ತದೆ. ಎಫ್ಎಫ್‌ಟಿ, ಸಿಗ್ನಲ್-ನಾಯ್ಸ್ ಅನುಪಾತ, ಎನೊಬ್ (ನಿಜಕ್ಕೂ ಉಪಯೋಗಕ್ಕೆ ಬರುವ ಬಿಟ್‌ಗಳ ಸಂಖ್ಯೆ) ಅಳೆಯುವ ಪ್ರಯೋಗಗಳಿಗೆ ಮಾತ್ರ ಇದನ್ನು ನೆಚ್ಚಿಕೊಳ್ಳಬೇಡಿ. ಬ್ರೆಡ್‌ಬೋರ್ಡಿಗೆ ನೇರ ಕೂರುವ ಎಂಸಿಪಿ3208 ಎಡಿಸಿ ತನ್ನಿ. ಹನ್ನೆರಡೇ ಬಿಟ್, ಆದರೆ 5 ವೋಲ್ಟಿನಲ್ಲಿ ಸೆಕೆಂಡಿಗೆ ಒಂದು ಲಕ್ಷ ಸ್ಯಾಂಪಲ್.

ಲ್ಯಾಬಿಗೆಂದು ಹತ್ತಿಪ್ಪತ್ತು ಮಾಡ್ಯೂಲ್ ಒಟ್ಟಿಗೆ ತರುವವರು ಬಿಲ್ ಪಾಸ್ ಮಾಡುವ ಮೊದಲೇ ಪ್ರತಿಯೊಂದನ್ನೂ ನೋಡಬೇಕು. ಎಡಿಎಸ್1115 ಎಂದು ಮಾರುವ ಬೋರ್ಡುಗಳಲ್ಲಿ ಅದರ ಹನ್ನೆರಡು ಬಿಟ್ ಸೋದರ ಎಡಿಎಸ್1015 ಕೂತಿರುವುದುಂಟು. ಪಿನ್, ವಿಳಾಸ, ರಿಜಿಸ್ಟರ್ ಎಲ್ಲ ಒಂದೇ ಆದ್ದರಿಂದ ಪ್ರೋಗ್ರಾಂ ತಕರಾರಿಲ್ಲದೆ ಓಡುತ್ತದೆ. ಕಚ್ಚಾ ಹದಿನಾರು ಬಿಟ್ಟನ್ನು ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ, ಇನ್‌ಪುಟ್ಟನ್ನು ಪೊಟೆನ್ಷಿಯೋಮೀಟರ್‌ನಿಂದ ನಿಧಾನವಾಗಿ ತಿರುಗಿಸಿ. ಕೊನೆಯ ಹೆಕ್ಸ್ ಅಂಕಿ ಎಷ್ಟು ತಿರುಗಿಸಿದರೂ ಸೊನ್ನೆಯಲ್ಲೇ ನಿಂತಿದ್ದರೆ ಅದು 1015. 128ರ ದರಕ್ಕೆ ಹೊಂದಿಸಿದಾಗ ಅಲರ್ಟ್ ಪಿನ್ನಿನಲ್ಲಿ ಸೆಕೆಂಡಿಗೆ 1600ರ ಸುಮಾರು ಪಲ್ಸ್ ಬಂದರೆ ಅನುಮಾನವೇ ಬೇಡ, ವಾಪಸ್ ಕಳಿಸಿ.