ಅಲಾರಂ ಎಷ್ಟು ಕರೆಂಟ್ ತಿನ್ನುತ್ತದೆ? ನನ್ನ ಮತ ಪ್ಲಗ್ ಮೀಟರಿಗೇ

ಹುಬ್ಬಳ್ಳಿಯ ವಿದ್ಯಾನಗರದ ಮನೆಗೆ ಕೀಲಿ ಹಾಕಿ ನಾವು ತಿಂಗಳಲ್ಲಿ ಹತ್ತು ದಿನವಾದರೂ ಹಾವೇರಿ ಕಡೆಯ ಹೊಲದ ಮನೆಯಲ್ಲಿರುತ್ತೇವೆ. ಅದಕ್ಕೇ ಕಳ್ಳರನ್ನು ಹಿಡಿಯುವ ಅಲಾರಂ ಹಾಕಿಸಿದ್ದು. ಗೃಹಜ್ಯೋತಿಯಲ್ಲಿ ನಮಗೆ ಸಿಗುವುದು 68 ಯೂನಿಟ್: 2022-23ರ ಸರಾಸರಿ 62, ಅದರ ಮೇಲೆ ಶೇಕಡಾ 10. ಈ ವರ್ಷ ಬಿಲ್ಲು 71, 72 ಎಂದು ಗೆರೆ ದಾಟತೊಡಗಿತು. ಹೊಸದಾಗಿ ಏನನ್ನೂ ಕೊಂಡಿರಲಿಲ್ಲ. ಫ್ರಿಜ್, ಇನ್ವರ್ಟರ್ ಬಿಟ್ಟರೆ ಹಗಲು ರಾತ್ರಿ ಉರಿಯುವುದು ಅಲಾರಂ ಒಂದೇ, ಅನುಮಾನ ಅದರ ಮೇಲೆ ಹೋಯಿತು.

ಮೊದಲು ವೈರ್‌ಮನ್ ಕ್ಲಾಂಪ್ ಮೀಟರ್ ತಂದ, ತಂತಿಯನ್ನು ಇಕ್ಕಳದಂತೆ ಸುತ್ತ ಹಿಡಿದು ಆಂಪ್ ಅಳೆಯುವಂಥದ್ದು. ಎರಡೂ ತಂತಿ ಒಟ್ಟಿಗೆ ಹಿಡಿದರೆ ಅದು ಸೊನ್ನೆ ತೋರಿಸುತ್ತದೆ, ಹಾಗಾಗಿ ಕೇಬಲ್ ಸೀಳಿ ಫೇಸ್ ತಂತಿ ಒಂದನ್ನೇ ಹಿಡಿದ. 0.10 ಆಂಪ್. ‘230ಕ್ಕೆ ಗುಣಿಸ್ರಿ ಅಣ್ಣಾರ, 23 ವ್ಯಾಟ್ ಆತು’ ಅಂದ. ಅಂದರೆ ತಿಂಗಳಿಗೆ 16 ಯೂನಿಟ್ಟಿನ ಮೇಲೆ! ಮನೆಯವಳು ಅಲಾರಂ ಕಿತ್ತುಹಾಕಿಸೋಣ ಎನ್ನುವ ತನಕ ಮಾತು ಹೋಯಿತು.

ಕೊಪ್ಪಿಕರ ರಸ್ತೆಯಲ್ಲಿ ಸಾವಿರದೊಳಗೆ ಒಂದು ಪ್ಲಗ್ ಮೀಟರ್ ಸಿಕ್ಕಿತು. ಸಾಕೆಟ್ಟಿಗೆ ಅದನ್ನು ಚುಚ್ಚಿ, ಅದರೊಳಗೆ ಅಲಾರಂನ ಪ್ಲಗ್ ಹಾಕಿದರಾಯಿತು. ಅಲ್ಲಿ ಕೊನೆಗೆ ನಿಂತದ್ದು 13 ವ್ಯಾಟ್, ಪವರ್ ಫ್ಯಾಕ್ಟರ್ 0.56. ಅಂದರೆ ವೋಲ್ಟನ್ನು ಆಂಪಿಗೆ ಗುಣಿಸಿ ಬಂದ 23ರಲ್ಲಿ ನಿಜವಾಗಿ ಖರ್ಚಾಗುವುದು 0.56 ಪಾಲು ಮಾತ್ರ. ಕ್ಲಾಂಪ್ ತೋರಿಸುವುದು ಬರೀ ಆಂಪ್, ಈ ಫ್ಯಾಕ್ಟರ್ ಅದಕ್ಕೆ ಸಿಗುವುದಿಲ್ಲ. ಸಣ್ಣ ಅಡಾಪ್ಟರುಗಳಿಗೆ ಕ್ಲಾಂಪ್ ಲೆಕ್ಕ ನಂಬಬೇಡಿ.

ಪ್ಲಗ್ ಮೀಟರಿಗೂ ಒಂದು ಕಿರಿಕಿರಿ ಇದೆ, ನನ್ನ ಎರಡು ದಿನ ತಿಂದದ್ದು ಅದೇ. ಮೀಟರ್ ಸೇರಿಸಲು ಅಲಾರಂನ ಪ್ಲಗ್ ಕೀಳಲೇಬೇಕು. ಕಿತ್ತ ಕೂಡಲೇ ಪ್ಯಾನೆಲ್ ಬ್ಯಾಟರಿಗೆ ಹೊರಳಿ ನನ್ನ ಮೊಬೈಲಿಗೆ ‘ಕರೆಂಟ್ ಇಲ್ಲ’ ಎಂದು ಮೆಸೇಜ್ ಕಳಿಸಿತು. ಮತ್ತೆ ಚುಚ್ಚಿದಾಗ 18 ವ್ಯಾಟ್. ಅಷ್ಟು ಹೊತ್ತಿನಲ್ಲಿ ಖರ್ಚಾದ ಬ್ಯಾಟರಿಯನ್ನು ಅದು ತುಂಬಿಕೊಳ್ಳುತ್ತಿತ್ತು. ನಿಜವಾದ ಅಂಕಿ ಬೇಕೆಂದರೆ ಬ್ಯಾಟರಿ ತುಂಬುವ ತನಕ ಸುಮ್ಮನಿರಬೇಕು. ನಡುವೆ ಲೈನ್ ಹೋದರೆ ಮತ್ತೆ ಮೊದಲಿನಿಂದ.

ನಾನು ಕಾದೆ. ಮರುದಿನ ಬೆಳಿಗ್ಗೆ 13ಕ್ಕೆ ಇಳಿದದ್ದು ಸಂಜೆಯಾದರೂ 13ರಲ್ಲೇ ನಿಂತಿತ್ತು. ತುಂಬಿದ ಬ್ಯಾಟರಿ ಇಷ್ಟು ಎಳೆಯಬಾರದು. ಡಬ್ಬಿ ತೆಗೆದು ನೋಡಿದೆ: 12 ವೋಲ್ಟ್ 7 ಆಂಪ್-ಅವರ್ ಬ್ಯಾಟರಿ ಕೈಗೆ ಬೆಚ್ಚಗೆ ಹತ್ತಿತು, ಒಂದು ಮಗ್ಗುಲು ಉಬ್ಬಿತ್ತು. ಹಾಕಿ ನಾಲ್ಕು ವರ್ಷ. ಎಷ್ಟು ಕುಡಿದರೂ ತುಂಬದೆ ದಿನವಿಡೀ ಕರೆಂಟ್ ಎಳೆಯುತ್ತಿದ್ದದ್ದು ಅದೇ. ಬದಲಿಸಿ, ಮತ್ತೊಂದು ದಿನ ಬಿಟ್ಟು, ಮೀಟರನ್ನು ಸೊನ್ನೆ ಮಾಡಿದೆ. 72 ಗಂಟೆಗೆ 0.62 ಯೂನಿಟ್, ತಿಂಗಳಿಗೆ ಆರು ಚಿಲ್ಲರೆ. ಮೊದಲು ಒಂಬತ್ತರ ಮೇಲಿತ್ತು.

ಪ್ಲಗ್ ಮೀಟರ್ ಕೊಳ್ಳುವಾಗ ಒಂದು ಮಾತು ಕೇಳಿ: ಕರೆಂಟ್ ಹೋದರೂ ಯೂನಿಟ್ ಲೆಕ್ಕ ಉಳಿಯುತ್ತದೆಯೇ? ಉಳಿಯದಿದ್ದರೆ ನಮ್ಮ ಕಡೆ ಅದು ಉಪಯೋಗವಿಲ್ಲ.

ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಹೆಸ್ಕಾಂ ಮೀಟರಿನ ಕೆಂಪು ದೀಪವೇ ಇದೆ. ನಮ್ಮದರ ಮೇಲೆ 3200 ಎಂದು ಬರೆದಿದೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಅಲಾರಂ ಒಂದನ್ನು ಬಿಟ್ಟು ಎಲ್ಲವನ್ನೂ ಆರಿಸಿ, ಮೊಬೈಲಿನಲ್ಲಿ ಹೊತ್ತು ಹಿಡಿದೆ. ಹತ್ತು ಮಿನುಗಿಗೆ 23 ನಿಮಿಷ, ಅಂದರೆ 8 ವ್ಯಾಟ್ ಮೇಲೆ ಚೂರು. ಪ್ಲಗ್ ಮೀಟರಿನ ಲೆಕ್ಕಕ್ಕೆ ಸರಿಯಾಗಿ ಕೂಡಿತು. ಆದರೆ ಫ್ರಿಜ್, ಇನ್ವರ್ಟರ್ ಎಲ್ಲ ಬಂದ್ ಮಾಡಿ ಗೇಟಿನ ಬಳಿ ಬಿಸಿಲಲ್ಲಿ ನಿಲ್ಲಬೇಕು. ಮೂರು ದಿನದ ಲೆಕ್ಕ ಹೀಗೆ ಆಗುವ ಮಾತಲ್ಲ.

ಮಲ್ಟಿಮೀಟರನ್ನು ಬ್ಯಾಟರಿ ತಂತಿಗೆ ಸೇರಿಸಿಯೂ ನೋಡಿದೆ. ಸೈರನ್ ಕೂಗಿತು, ಮೀಟರಿನೊಳಗಿನ ಫ್ಯೂಸ್ ಹೋಯಿತು. 10 ಆಂಪ್ ತೂತಿಗೆ ತಂತಿ ಹಾಕದಿದ್ದರೆ ಹೀಗೇ ಆಗುವುದು.

ಹೋದ ತಿಂಗಳ ಬಿಲ್ಲು 67 ಯೂನಿಟ್. ಪ್ಲಗ್ ಮೀಟರ್ ಈಗ ಗದಗಿನಲ್ಲಿ ಅಕ್ಕನ ಹಳೇ ಫ್ರಿಜ್ಜಿಗೆ ಹತ್ತಿದೆ.