ಬೀಫ್ ಪ್ರೋಟೀನ್ ಡಬ್ಬಿ ಕೊಳ್ಳುವ ಮುಂಚೆ ಈ ಮೂರು ಸಾಲು ನೋಡಿಕೊಳ್ಳಿ

ಹಾಲಿನಿಂದ ತೆಗೆದ ವೇ ಪ್ರೋಟೀನ್ ಹೊಟ್ಟೆಗೆ ಒಗ್ಗುತ್ತಿಲ್ಲ, ಬೀಫ್ ಪ್ರೋಟೀನ್ ಪುಡಿ ತೆಗೆದುಕೊಳ್ಳೋಣ ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ದುಡ್ಡು ಬಿಚ್ಚಿ. ಒಂದು ಡಬ್ಬಿ ಖಾಲಿಯಾಗಿ ಎರಡನೆಯದು ಅರ್ಧಕ್ಕೆ ಬಂದಾಗ ನನಗೆ ಅದರ ಅಸಲಿಯತ್ತು ಗೊತ್ತಾಯಿತು. ಕಂಪನಿಯ ಹೆಸರು ಬರೆಯುತ್ತಿಲ್ಲ. ಹೆಸರಿಗಿಂತ, ಇಂಥ ಡಬ್ಬಿಯನ್ನು ಗುರುತು ಹಿಡಿಯುವುದು ಹೇಗೆ ಅನ್ನುವುದು ನಿಮಗೆ ಹೆಚ್ಚು ಉಪಯೋಗ.

ವೇ ಕಾನ್ಸಂಟ್ರೇಟ್, ಅಂದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸ್ವಲ್ಪ ಉಳಿದಿರುವ ಮಾಮೂಲಿ ವೇ ಪುಡಿ, ಕುಡಿದಾಗಲೆಲ್ಲ ನನಗೆ ಹೊಟ್ಟೆ ಉಬ್ಬರ, ಗ್ಯಾಸ್. ಮಾರುವವನು ಬೀಫ್ ಡಬ್ಬಿ ಕೈಗಿಟ್ಟು ಹೇಳಿದ್ದು ಇಷ್ಟು: "ಲ್ಯಾಕ್ಟೋಸ್ ಇಲ್ಲ ಸರ್, ಕೊಬ್ಬಿಲ್ಲ, ಮಸಲ್ ವೇಗಿಂತ ಬೇಗ ಬರುತ್ತೆ." ಮೊದಲೆರಡು ನಿಜ. ಮೂರನೆಯದರಲ್ಲೇ ಟೋಪಿ.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಹೊಟ್ಟೆ ಹಗುರ, ತಕ್ಕಡಿಯಲ್ಲಿ ತೂಕ ಜಾಸ್ತಿ, ಬೆಂಚ್ ಪ್ರೆಸ್‌ನಲ್ಲಿ ಒಂದೆರಡು ರೆಪ್ (ಭಾರ ಎತ್ತುವ ಸಲ) ಸಲೀಸಾಗಿ ಹೆಚ್ಚು. ಹಾಗಾಗಿಯೇ ಎರಡನೇ ಡಬ್ಬಿ ತರಿಸಿದೆ. ಆಮೇಲೆ ತೂಕವೂ ನಿಂತಿತು, ರೆಪ್ಪೂ ನಿಂತಿತು. ವ್ಯಾಯಾಮ, ನಿದ್ದೆ ಯಾವುದರಲ್ಲೂ ಕಡಿಮೆ ಮಾಡಿರಲಿಲ್ಲ. ಹಾಗೆ ನೋಡಿದರೆ ಕಾಲಿನ ವ್ಯಾಯಾಮದ ದಿನವನ್ನೂ ತಪ್ಪಿಸುತ್ತಿರಲಿಲ್ಲ. ಶೇಕರ್ ಬಗ್ಗೆ ಮೊದಲಿನಿಂದಲೂ ಒಂದು ಅನುಮಾನ ಇತ್ತು. ತಣ್ಣೀರಿಗೆ ಹಾಕಿ ಕುಲುಕಿದರೆ ಪುಡಿ ಚಣದಲ್ಲಿ ಮಾಯ, ಮೇಲೆ ಎಷ್ಟು ಹೊತ್ತಾದರೂ ಇಳಿಯದ ನೊರೆ. ಚಾಕೊಲೇಟ್ ರುಚಿ ಹೋದಮೇಲೆ ನಾಲಿಗೆಯ ಬುಡದಲ್ಲಿ ಮಾತ್ರೆ ಕಚ್ಚಿದಂಥ ಕಹಿ. ಪ್ರೋಟೀನನ್ನು ಎಂಜೈಮ್ ಹಾಕಿ ತುಂಡು ಮಾಡಿದಾಗ, ಅಂದರೆ ಹೈಡ್ರೊಲೈಸ್ ಮಾಡಿದಾಗ ಬರುವ ಕಹಿ ಅದು.

ಡಬ್ಬಿಯ ಲೇಬಲ್ ಎರಡು ಪದರದ್ದು. ಒಂದು ಮೂಲೆ ಎದ್ದಿತ್ತು, ಉಗುರಿನಿಂದ ಎಬ್ಬಿಸಿದರೆ ಒಳಗೆ ಅಮೈನೋ ಆಮ್ಲಗಳ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳ ಪಟ್ಟಿ. ಒಂದು ಸ್ಕೂಪಿಗೆ ಪ್ರೋಟೀನ್ 23 ಗ್ರಾಂ. ಅದರಲ್ಲಿ ಗ್ಲೈಸಿನ್ 4 ಗ್ರಾಂಗಿಂತ ಜಾಸ್ತಿ. ಅದರ ಹಿಂದೆ ಪ್ರೋಲಿನ್, ಹೈಡ್ರಾಕ್ಸಿಪ್ರೋಲಿನ್. ಲ್ಯೂಸಿನ್ ಬರೀ 0.7 ಗ್ರಾಂ. ಟ್ರಿಪ್ಟೊಫಾನ್ ಎದುರಿಗೆ ಒಂದು ಗೆರೆ ಎಳೆದಿತ್ತು, ಅಷ್ಟೇ. ಪದಾರ್ಥಗಳ ಪಟ್ಟಿಯ ಬಾಲದಲ್ಲಿ, ಸಿಹಿಕಾರಕಕ್ಕೂ ಮುಂಚೆ, ಕ್ರಿಯೇಟಿನ್ ಮೊನೊಹೈಡ್ರೇಟ್.

ಈ ಪಟ್ಟಿ ಮಾಂಸದ್ದಲ್ಲ. ಇದು ಕೊಲಾಜನ್. ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿರುವ ಪ್ರೋಟೀನ್. ಕುದಿಸಿದರೆ ಜೆಲಾಟಿನ್ ಆಗುವುದೂ ಇದೇ. ಹೈಡ್ರಾಕ್ಸಿಪ್ರೋಲಿನ್ ಇಷ್ಟು ದಂಡಿಯಾಗಿ ಇರುವುದು ಕೊಲಾಜನ್‌ನಲ್ಲಿ ಮಾತ್ರ, ಹಾಗಾಗಿ ಅದೊಂದೇ ಸಾಲು ಸಾಕು ಕಳ್ಳನನ್ನು ಹಿಡಿಯಲು. ನಿಜವಾದ ದನದ ಮಾಂಸದ ಪ್ರೋಟೀನ್ ಆಗಿದ್ದರೆ 23 ಗ್ರಾಂನಲ್ಲಿ ಲ್ಯೂಸಿನ್ ಸುಮಾರು 1.8 ಗ್ರಾಂ ಇರಬೇಕಿತ್ತು, ವೇ ಆಗಿದ್ದರೆ ಸುಮಾರು 2.4. ಸ್ನಾಯು ಕಟ್ಟುವ ಕೆಲಸಕ್ಕೆ ದೇಹದೊಳಗೆ ಸ್ವಿಚ್ ಒತ್ತುವುದು ಲ್ಯೂಸಿನ್. ಒಂದು ಹೊತ್ತಿಗೆ 2ರಿಂದ 3 ಗ್ರಾಂ ಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನನ್ನ ಪುಡಿಯಲ್ಲಿ ಅಷ್ಟು ಬರಬೇಕಾದರೆ ಒಂದೇ ಸಲಕ್ಕೆ ಮೂರು ಸ್ಕೂಪ್ ಮೇಲೆ ಸುರಿದುಕೊಳ್ಳಬೇಕು. ದೇಹ ತಾನೇ ತಯಾರಿಸಿಕೊಳ್ಳಲಾಗದ, ಊಟದಿಂದಲೇ ಬರಬೇಕಾದ ಟ್ರಿಪ್ಟೊಫಾನ್ ಅಂತೂ ಕೊಲಾಜನ್‌ನಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಪ್ರೋಟೀನಿನ ಗುಣಮಟ್ಟ ಅಳೆಯುವ ಪಿಡಿಸಿಎಎಎಸ್ ಅಂಕ ವೇಗೆ 1, ದನದ ಮಾಂಸಕ್ಕೆ 0.92, ಕೊಲಾಜನ್‌ಗೆ ಸೊನ್ನೆ.

ಹಾಗಾದರೆ 23 ಗ್ರಾಂ ಅಂತ ಬರೆದದ್ದು ಸುಳ್ಳೇ? ಅಲ್ಲ, ಅದೇ ಇಲ್ಲಿನ ಚಾಲಾಕಿತನ. ಪ್ರೋಟೀನ್ ಎಷ್ಟಿದೆ ಅಂತ ನೋಡಲು ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಅಳೆಯುವುದು ನೈಟ್ರೋಜನ್ನನ್ನು. 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಕೊಟ್ಟ ವಿಧಾನ. ಸಿಕ್ಕ ನೈಟ್ರೋಜನ್ನನ್ನು 6.25ರಿಂದ ಗುಣಿಸಿದರೆ ಪ್ರೋಟೀನ್. ಆ ನೈಟ್ರೋಜನ್ ಮಾಂಸದಿಂದ ಬಂತೋ, ಚರ್ಮದಿಂದ ಬಂತೋ, ಬೇರೆಯಾಗಿ ಬೆರೆಸಿದ ಗ್ಲೈಸಿನ್ನಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಎಂಬ ನೈಟ್ರೋಜನ್ ತುಂಬಿದ ಕೈಗಾರಿಕಾ ರಾಸಾಯನಿಕ ಬೆರೆಸಿದವರು ನುಸುಳಿದ್ದೂ ಇದೇ ಸಂದಿಯಿಂದ. ಕೊಲಾಜನ್ ಅಂಥ ವಿಷವೇನಲ್ಲ, ಆದರೆ ಅಳತೆಯ ಕುರುಡು ಅದೇ. ಇನ್ನು ಆರಂಭದಲ್ಲಿ ಏರಿದ ತೂಕ, ಹೆಚ್ಚಿದ ರೆಪ್ಪು? ಕ್ರಿಯೇಟಿನ್ ಮಹಿಮೆ. ಅದು ಸ್ನಾಯುವಿನೊಳಗೆ ನೀರು ಹಿಡಿದಿಡುತ್ತದೆ, ಒಂದೆರಡು ಕೆಜಿ ಏರುವುದು ಮಾಮೂಲು, ಶಕ್ತಿಯೂ ತುಸು ಹೆಚ್ಚುತ್ತದೆ. ಒಳ್ಳೆಯ ವಸ್ತುವೇ, ಆದರೆ ಬೇರೆಯಾಗಿ ಕೊಂಡರೆ ಅಗ್ಗ.

ಕಂಪನಿಯ ಚಾಟ್‌ನಲ್ಲಿ ಕೇಳಿದೆ: ಇದು ಮಾಂಸದಿಂದ ತೆಗೆದದ್ದೋ, ಚರ್ಮದಿಂದಲೋ? "ಸರ್, ನಮ್ಮ ಪ್ರೋಟೀನ್ ನೂರಕ್ಕೆ ನೂರು ದನದ್ದೇ" ಅಂತ ಉತ್ತರ. ಚರ್ಮವೂ ದನದ್ದೇ ಅಲ್ಲವೇ ಮಹರಾಯರೇ! ಲ್ಯಾಬ್ ವರದಿ ಕಳಿಸಿ ಅಂದೆ, ಪ್ರೋಟೀನ್ ಶೇಕಡಾವಾರು ಮಾತ್ರ ಇದ್ದ ಒಂದು ಹಾಳೆ ಬಂತು. ತೆರೆದ ಡಬ್ಬಿ ವಾಪಸ್ ಇಲ್ಲ ಅಂತ ಹೇಳಿ ಚಾಟ್ ಮುಚ್ಚಿದರು.

ಬೀಫ್ ಪುಡಿಯೂ ವೇಯೂ ಸಮ ಅಂತ ತೋರಿಸುವ ಅಧ್ಯಯನಗಳನ್ನು ಮಾರುವವರು ಮುಂದಿಡುತ್ತಾರೆ. ಅಂಥವು ಇರುವುದು ಹೌದು. ಆದರೆ ದಿನದ ಒಟ್ಟು ಪ್ರೋಟೀನ್ ಬೇರೆ ಊಟದಿಂದಲೇ ಭರ್ತಿಯಾಗುತ್ತಿದ್ದರೆ ಪುಡಿ ಯಾವುದಾದರೂ ವ್ಯತ್ಯಾಸ ಎದ್ದು ಕಾಣುವುದು ಕಷ್ಟ, ಮತ್ತು ಅಲ್ಲಿ ಬಳಸಿದ ಪುಡಿಯೇ ನಿಮ್ಮ ಡಬ್ಬಿಯಲ್ಲಿದೆ ಅನ್ನುವುದಕ್ಕೆ ಏನು ಖಾತ್ರಿ? ಕೊಲಾಜನ್ನನ್ನೇ ನೇರವಾಗಿ ವೇ ಎದುರು ನಿಲ್ಲಿಸಿದ, 2020ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ವಯಸ್ಸಾದ ಮಹಿಳೆಯರಿಗೆ ದಿನಕ್ಕೆ ಎರಡು ಸಲ 30 ಗ್ರಾಂನಂತೆ ಕೊಟ್ಟು, ಒಂದು ಕಾಲಿಗೆ ಮಾತ್ರ ವ್ಯಾಯಾಮ ಮಾಡಿಸಿದರು. ದಿನಗಳ ಲೆಕ್ಕದಲ್ಲಿ ನೋಡಿದಾಗ ವ್ಯಾಯಾಮ ಮಾಡಿಸದ ಕಾಲಿನಲ್ಲೂ ಸ್ನಾಯು ಕಟ್ಟುವ ವೇಗ ಏರಿದ್ದು ವೇ ಕುಡಿದವರಲ್ಲಿ ಮಾತ್ರ.

ತೂಕ ಇಳಿಸಲು ಊಟ ಬಿಟ್ಟು ಇಂಥ ಪುಡಿಯನ್ನೇ ನೆಚ್ಚಿಕೊಳ್ಳುವವರಿಗೆ ಇನ್ನೊಂದು ಮಾತು. 1970ರ ದಶಕದಲ್ಲಿ ಅಮೆರಿಕದಲ್ಲಿ ಕೊಲಾಜನ್‌ನಿಂದ ಮಾಡಿದ ದ್ರವ ಪ್ರೋಟೀನನ್ನೇ ಊಟದ ಬದಲು ಕುಡಿದು, ಹೃದಯದ ಬಡಿತ ಏರುಪೇರಾಗಿ ಹತ್ತಾರು ಜನ ಸತ್ತಿದ್ದಾರೆ.

ಆದ್ದರಿಂದ ಡಬ್ಬಿ ತಿರುಗಿಸಿ. ಲ್ಯೂಸಿನ್ ಎಷ್ಟು, ಟ್ರಿಪ್ಟೊಫಾನ್ ಇದೆಯೇ, ಹೈಡ್ರಾಕ್ಸಿಪ್ರೋಲಿನ್ ಎಷ್ಟು, ಈ ಮೂರು ಸಾಲು ಸಾಕು. ಪಟ್ಟಿಯೇ ಕೊಟ್ಟಿಲ್ಲವಾದರೆ ಕೈಗೆ ತೆಗೆದುಕೊಳ್ಳಲೇಬೇಡಿ. ನನ್ನ ಹಾಗೆ ಲ್ಯಾಕ್ಟೋಸ್ ತಕರಾರು ಇರುವವರು ವೇ ಐಸೊಲೇಟ್ ನೋಡಬಹುದು. ಅದರಲ್ಲಿ ಲ್ಯಾಕ್ಟೋಸ್ ಸಾಮಾನ್ಯವಾಗಿ ಶೇ. 1ರ ಆಸುಪಾಸು, ನಾನೀಗ ಅದನ್ನೇ ಕುಡಿಯುತ್ತಿದ್ದೇನೆ, ಹೊಟ್ಟೆ ತಣ್ಣಗಿದೆ. ಹಾಲಿನ ಅಲರ್ಜಿ ಇರುವವರ ವಿಷಯ ಬೇರೆ, ಅವರಿಗೆ ಐಸೊಲೇಟ್ ಕೂಡ ಅಪಾಯ. ಅಂಥವರು ಮೊಟ್ಟೆಯ ಬಿಳಿಭಾಗದ ಪುಡಿ ಅಥವಾ ಸೋಯಾ ಕಡೆ ಹೋಗುವುದು ಕ್ಷೇಮ.